ನಮ್ಮ ಎನ್‌ಜಿಒಗಳಲ್ಲಿ ಫೀಲ್ಡಿನವರು ಮುಖ್ಯಸ್ಥರ ಕುರ್ಚಿವರೆಗೆ ಯಾಕೆ ಬರುತ್ತಿಲ್ಲ?

ಕೋಟೆ ಕೋಆರ್ಡಿನೇಟರ್

ಎಲ್ಲರಿಗೂ ನಮಸ್ಕಾರ. ಮೈಸೂರು, ಮಂಡ್ಯ ಜಿಲ್ಲೆಗಳಲ್ಲಿ ಎನ್‌ಜಿಒ ಕೆಲಸ ಮಾಡುತ್ತಿರುವವರು, ಮಾಡಿ ಬಿಟ್ಟವರು ಇಲ್ಲಿ ಬಹಳ ಜನ ಇದ್ದೀರಿ. ಬಹಳ ದಿನದಿಂದ ಮನಸ್ಸಿನಲ್ಲಿ ಕೊರೆಯುತ್ತಿರುವ ವಿಷಯವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ನಾನು ಹೆಗ್ಗಡದೇವನಕೋಟೆ, ಹುಣಸೂರು ಕಡೆ ಕೆಲಸ ಮಾಡಿದವಳು. ನಾನು ಕಂಡ ಸಂಸ್ಥೆಗಳಲ್ಲೆಲ್ಲ ಮನೆ ಮನೆ ಸರ್ವೆ ಮಾಡುವವರು, ಸ್ವಸಹಾಯ ಸಂಘ ಕಟ್ಟುವವರು, ರಾತ್ರಿ ಹೆರಿಗೆ ನೋವು ಅಂತ ಫೋನ್ ಬಂದರೆ ಎದ್ದು ಹೋಗುವವರು ಹೆಚ್ಚಾಗಿ ಹೆಂಗಸರೇ. ದಲಿತ, ಹಿಂದುಳಿದ, ಆದಿವಾಸಿ ಮನೆಗಳಿಂದ ಬಂದವರೇ ಜಾಸ್ತಿ. ಟ್ರಸ್ಟಿಗಳ ಪಟ್ಟಿ ನೋಡಿ. ಅಲ್ಲಿ ಆ ಮನೆಗಳ ಒಂದು ಹೆಸರೂ ಸಿಗುವುದು ಕಷ್ಟ. ನಿವೃತ್ತ ಅಧಿಕಾರಿ, ಡಾಕ್ಟರ್, ಪ್ರೊಫೆಸರ್, ಸ್ಥಾಪಕರ ಅಣ್ಣತಮ್ಮಂದಿರು. ಇವರೆಲ್ಲ ಒಳ್ಳೆಯವರೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಹಾಡಿಯಲ್ಲಿ, ಅಂದರೆ ಆದಿವಾಸಿಗಳ ಊರಲ್ಲಿ, ಏನು ನಡೆಯುತ್ತಿದೆ ಅಂತ ಅವರಿಗೆ ಗೊತ್ತಾಗುವುದು ತ್ರೈಮಾಸಿಕ ವರದಿಯಿಂದ.

ಇತ್ತೀಚೆಗೆ ನನಗೆ ಗೊತ್ತಿರುವ ಒಂದು ಸಂಸ್ಥೆಯಲ್ಲಿ ನಿರ್ದೇಶಕರ ಹುದ್ದೆ ಖಾಲಿಯಾಯಿತು. ಅಲ್ಲಿ ಒಬ್ಬರು ಅಕ್ಕ ಇದ್ದಾರೆ. ಮೂರು ತಾಲ್ಲೂಕಿನ ಕೆಲಸವನ್ನು ಒಬ್ಬರೇ ನಡೆಸಿದವರು. ಪೊಲೀಸ್ ಠಾಣೆ, ತಹಶೀಲ್ದಾರ್ ಆಫೀಸು, ಅಂಗನವಾಡಿ, ಎಲ್ಲ ಕಡೆ ಅವರ ಮಾತಿಗೆ ಬೆಲೆ ಇದೆ. ಅವರನ್ನು ಸಂದರ್ಶನಕ್ಕೂ ಕರೆಯಲಿಲ್ಲ. ಜಾಹೀರಾತಿನಲ್ಲಿ ಇಂಗ್ಲಿಷ್ ಹಿಡಿತ ಮತ್ತು ಡೋನರ್‌ಗಳ ಸಂಪರ್ಕ ಬೇಕು ಅಂತ ಇತ್ತು. ಬೆಂಗಳೂರಿನಿಂದ ಒಬ್ಬರು ಬಂದರು. ಈಗ ಆ ಅಕ್ಕನೇ ಅವರಿಗೆ ತಾಲ್ಲೂಕು ಪರಿಚಯ ಮಾಡಿಸುತ್ತಿದ್ದಾರೆ.

ಇದು ಸಣ್ಣತನದ ಅಸೂಯೆ ಅಂತ ದಯವಿಟ್ಟು ತಿಳಿಯಬೇಡಿ. ಸಮಾನತೆ ಬಗ್ಗೆ ಊರೂರಿಗೆ ಹೋಗಿ ಮಾತಾಡುವವರು ನಾವು. ನಮ್ಮ ಆಫೀಸಿನೊಳಗೆ ಅದು ಇಲ್ಲದಿದ್ದರೆ ಹೇಗೆ? ನಿಮ್ಮ ಕಡೆ ಏನಾಗುತ್ತಿದೆ, ಯಾಕೆ ಹೀಗಾಗುತ್ತಿದೆ, ಹೇಳಿ.

ಮದ್ದೂರು ಫೀಲ್ಡ್

ಅಕ್ಕ, ನೀವು ಬರೆದಿದ್ದು ಓದಿ ಹೊಟ್ಟೆಯೊಳಗೆ ಏನೋ ಆಯಿತು. ನಾನು ಮಂಡ್ಯ ಜಿಲ್ಲೆಯಲ್ಲಿ ಹೆಣ್ಣುಮಕ್ಕಳ ಆರೋಗ್ಯದ ಪ್ರಾಜೆಕ್ಟ್‌ಗಳಲ್ಲಿ ಇದ್ದೇನೆ. ಕುರ್ಚಿಗಿಂತ ಮೊದಲು ಸಂಬಳದ ಬಗ್ಗೆ ಮಾತಾಡೋಣ.

ನಮಗೆ ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. ಪ್ರಾಜೆಕ್ಟ್ ಮಾರ್ಚ್‌ಗೆ ಮುಗಿಯುತ್ತದೆ. ಹೊಸದು ಶುರುವಾಗುವುದು ಜೂನೋ ಜುಲೈಯೋ. ನಡುವಿನ ತಿಂಗಳು ನಾವು ಏನು ತಿನ್ನಬೇಕು ಅಂತ ಯಾರೂ ಕೇಳುವುದಿಲ್ಲ. ಆದರೆ ಆಗಲೂ ಸಂಘದ ಹೆಂಗಸರು ಫೋನ್ ಮಾಡುತ್ತಾರೆ, ನಾವು ಹೋಗುತ್ತೇವೆ. ಪೆಟ್ರೋಲ್ ನಮ್ಮದೇ. ಕೇಳಿದರೆ 'ಸೇವೆ ಮಾಡೋಕೆ ಬಂದಿದ್ದೀರಿ, ಹೀಗೆಲ್ಲ ಲೆಕ್ಕ ಹಾಕಬಾರದು' ಅನ್ನುತ್ತಾರೆ.

2023ರಲ್ಲಿ ನಮ್ಮ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಾಡಿ ಹೆಣ್ಣುಭ್ರೂಣ ಪತ್ತೆ ಹಚ್ಚುತ್ತಿದ್ದ ಜಾಲ ಸಿಕ್ಕಿಬಿತ್ತಲ್ಲ. ಆ ಸುದ್ದಿ ಬಂದ ಮೇಲೆ ದೊಡ್ಡ ದೊಡ್ಡ ಸಭೆಗಳಾದವು. ವೇದಿಕೆ ಮೇಲೆ ಕೂತವರು ಬೇರೆ. ಗರ್ಭಿಣಿಯರ ಮನೆಗೆ ಹೋಗಿ, ಅತ್ತೆಯ ಬೈಗುಳ ಕೇಳಿಸಿಕೊಂಡು, ಮತ್ತೆ ಮರುದಿನ ಅದೇ ಬಾಗಿಲು ತಟ್ಟುವವರು ಬೇರೆ. ಆ ಬಾಗಿಲು ತಟ್ಟುವವರಿಗೆ ಒಂದು ಇನ್ಶೂರೆನ್ಸ್ ಕೂಡ ಇಲ್ಲ.

ನಾನು ಮುಖ್ಯಸ್ಥೆ ಆಗಬೇಕು ಅಂತ ಆಸೆ ಪಟ್ಟರೂ ಅಲ್ಲಿವರೆಗೆ ಉಳಿಯಬೇಕಲ್ಲ? ಮನೆ ಬಾಡಿಗೆ ಕಟ್ಟೋಕೆ ಆಗದೆ ನನ್ನ ಜೊತೆಗಿದ್ದವರಲ್ಲಿ ಚುರುಕಾದವರೆಲ್ಲ ಗಾರ್ಮೆಂಟ್ಸ್‌ಗೆ, ಫೈನಾನ್ಸ್ ಕಂಪನಿಗಳಿಗೆ ಹೋದರು.

ಹಳೇ ಖಜಾಂಚಿ, ಸರಸ್ವತಿಪುರಂ

ನಾನು ನಿವೃತ್ತ ಬ್ಯಾಂಕ್ ನೌಕರ. ಎರಡು ಸಂಸ್ಥೆಗಳಿಗೆ ಖಜಾಂಚಿಯಾಗಿದ್ದೆ. ಕಾನೂನಿನ ಕಡೆಯಿಂದ ಒಂದೆರಡು ಮಾತು ಹೇಳುತ್ತೇನೆ, ಯಾಕೆಂದರೆ ತೊಂದರೆಯ ಒಂದು ಬೇರು ಅಲ್ಲೇ ಇದೆ.

ನಮ್ಮಲ್ಲಿ ಸಂಸ್ಥೆಗಳು ಮೂರು ರೀತಿ ಹುಟ್ಟುತ್ತವೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಸಂಘ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಪತ್ರ ಬರೆಸಿದ ಟ್ರಸ್ಟ್, ಇಲ್ಲವೇ ಕಂಪನಿ ಕಾಯ್ದೆ 2013ರ ಸೆಕ್ಷನ್ 8ರ ಕಂಪನಿ, ಅಂದರೆ ಲಾಭ ಹಂಚಿಕೊಳ್ಳದ ಕಂಪನಿ. ಸಂಘಕ್ಕೆ ಕನಿಷ್ಠ 7 ಜನ ಬೇಕು. ಅದರಲ್ಲಿ ಸದಸ್ಯರಿದ್ದಾರೆ, ಸರ್ವಸದಸ್ಯರ ಸಭೆ ಇದೆ, ಚುನಾವಣೆ ಇದೆ, ವರ್ಷ ವರ್ಷ ಲೆಕ್ಕವನ್ನೂ ಸಮಿತಿಯ ಪಟ್ಟಿಯನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಟ್ರಸ್ಟ್‌ನಲ್ಲಿ ಇದ್ಯಾವುದೂ ತಾನಾಗಿ ಬರುವುದಿಲ್ಲ. ಪತ್ರದಲ್ಲಿ 'ಜೀವಾವಧಿ ಟ್ರಸ್ಟಿ' ಅಂತ ಬರೆದುಬಿಟ್ಟರೆ ಮುಗಿಯಿತು. ಒಬ್ಬರು ತೀರಿಕೊಂಡರೆ ಉಳಿದವರು ಸೇರಿ ಇನ್ನೊಬ್ಬರನ್ನು ತುಂಬಿಕೊಳ್ಳುತ್ತಾರೆ. ಯಾರನ್ನು ತುಂಬಿಕೊಳ್ಳುತ್ತಾರೆ? ತಮಗೆ ಗೊತ್ತಿರುವವರನ್ನು. ತಿದ್ದುಪಡಿಗೆ ಪತ್ರದಲ್ಲೇ ದಾರಿ ಬಿಟ್ಟಿರದಿದ್ದರೆ ಬದಲಾಯಿಸಲು ಕೋರ್ಟ್ ಮೆಟ್ಟಿಲು ಹತ್ತಬೇಕಾಗುತ್ತದೆ.

ಇನ್ನೊಂದು ವಿಷಯ. ಟ್ರಸ್ಟಿಗೆ ಸಂಬಳ ಕೊಡಬಾರದು ಅಂತ ಬಹಳ ಜನ ನಂಬಿದ್ದಾರೆ. ಹಾಗೇನಿಲ್ಲ. ಪತ್ರದಲ್ಲಿ ಅಥವಾ ಬೈಲಾದಲ್ಲಿ (ಸಂಘದ ನಿಯಮಾವಳಿಯಲ್ಲಿ) ಅವಕಾಶ ಇದ್ದು, ಮಾಡುವ ಕೆಲಸಕ್ಕೆ ತಕ್ಕಷ್ಟೇ ಕೊಟ್ಟರೆ ಆದಾಯ ತೆರಿಗೆ ಇಲಾಖೆಯ ಅಡ್ಡಿ ಇಲ್ಲ. ವಿನಾಯಿತಿ ಹೋಗುವುದು ಅತಿಯಾಗಿ ಕೊಟ್ಟಾಗ. ಸಂಬಳ ಇಲ್ಲದ ಮುಖ್ಯಸ್ಥರೇ ದೊಡ್ಡವರು ಅನ್ನುವ ನಮ್ಮ ಊರಿನ ಭಾವನೆ ಇದೆಯಲ್ಲ, ಅದರಿಂದ ಆಗಿದ್ದೇನು ನೋಡಿ. ಪಿಂಚಣಿ ಇರುವವರು, ಆಸ್ತಿ ಇರುವವರು, ಮನೆಯಲ್ಲಿ ದುಡಿಯುವವರು ಬೇರೆ ಇರುವವರು ಮಾತ್ರ ಆ ಕುರ್ಚಿಗೆ ಬರಬಹುದು. ದಿನಗೂಲಿ ಮನೆಯ ಹೆಣ್ಣುಮಗಳು ಬಿಟ್ಟಿ ಅಧ್ಯಕ್ಷೆ ಆಗೋಕೆ ಸಾಧ್ಯವೇ?

ಲೆಕ್ಕದ ಮನುಷ್ಯ

ಖಜಾಂಚಿ ಸಾರ್ ಹೇಳಿದ್ದು ಸರಿ. ನಾನು ಮೈಸೂರಿನಲ್ಲಿ ಎನ್‌ಜಿಒಗಳ ಆಡಿಟ್ ಮಾಡುತ್ತೇನೆ. ಮದ್ದೂರಿನ ಸೋದರಿ ಹೇಳಿದ ಸಂಬಳದ ಕಷ್ಟ ಎಲ್ಲಿಂದ ಬರುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಉದ್ದವಾದರೆ ಸಹಿಸಿಕೊಳ್ಳಿ.

ವಿದೇಶಿ ಹಣ ಬರುವುದು ಎಫ್‌ಸಿಆರ್‌ಎ 2010, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಕೆಳಗೆ. 2020ರ ತಿದ್ದುಪಡಿಗೆ ಮೊದಲು ಆಡಳಿತ ಖರ್ಚಿಗೆ ಶೇ. 50ರವರೆಗೆ ಅವಕಾಶ ಇತ್ತು. ಅದನ್ನು ಶೇ. 20ಕ್ಕೆ ಇಳಿಸಿದರು. ಮುಖ್ಯಸ್ಥರ ಸಂಬಳ, ಆಫೀಸ್ ಬಾಡಿಗೆ, ಲೆಕ್ಕ ಬರೆಯುವವರ ಸಂಬಳ ಇದರೊಳಗೇ ಬರಬೇಕು. ಅದೇ ತಿದ್ದುಪಡಿಯಲ್ಲಿ ಇನ್ನೊಂದು ಬಂತು. ವಿದೇಶಿ ಹಣ ಪಡೆದ ಸಂಸ್ಥೆ ಅದರಲ್ಲಿ ಒಂದು ಪಾಲನ್ನು ಬೇರೆ ಸಂಸ್ಥೆಗೆ ಕೊಡುವಂತಿಲ್ಲ. ಇದರ ಪೆಟ್ಟು ಬಿದ್ದಿದ್ದು ತಾಲ್ಲೂಕಿನ ಚಿಕ್ಕ ಗುಂಪುಗಳ ಮೇಲೆ. ಮೊದಲು ದೊಡ್ಡ ಸಂಸ್ಥೆ ಹಣ ತಂದು ನಾಗಮಂಗಲದ್ದೋ ಸರಗೂರಿನದ್ದೋ ಚಿಕ್ಕ ಸಂಘಕ್ಕೆ ಕೊಡುತ್ತಿತ್ತು. ಆ ಸಂಘದಲ್ಲಿ ಸ್ಥಳೀಯರೇ ಕಾರ್ಯದರ್ಶಿ, ಸ್ಥಳೀಯರೇ ನಿರ್ಧಾರ ಮಾಡುವವರು. ಈಗ ದೊಡ್ಡ ಸಂಸ್ಥೆ ಅವರನ್ನೇ ತನ್ನ ಸಿಬ್ಬಂದಿ ಮಾಡಿಕೊಳ್ಳಬೇಕು. ನಿನ್ನೆಯವರೆಗೆ ಕಾರ್ಯದರ್ಶಿ ಆಗಿದ್ದವರು ಇವತ್ತು ಫೀಲ್ಡ್ ಆಫೀಸರ್. ಸ್ವಂತವಾಗಿ ಎಫ್‌ಸಿಆರ್‌ಎ ನೋಂದಣಿ ಮಾಡಿಸೋಣ ಅಂದರೆ ಮೂರು ವರ್ಷ ಹಳೆಯ ಸಂಸ್ಥೆ ಆಗಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ರೂಪಾಯಿ ಕೆಲಸಕ್ಕೆ ಖರ್ಚು ಮಾಡಿರಬೇಕು. ಖಾತೆ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲೇ ತೆರೆಯಬೇಕು.

ಸಿಎಸ್‌ಆರ್, ಅಂದರೆ ಕಂಪನಿಗಳು ಸಾಮಾಜಿಕ ಹೊಣೆಯಾಗಿ ಖರ್ಚು ಮಾಡುವ ಹಣದ ವಿಷಯಕ್ಕೆ ಬರೋಣ. ನಿವ್ವಳ ಲಾಭ 5 ಕೋಟಿ ಅಥವಾ ವಹಿವಾಟು 1,000 ಕೋಟಿ ಅಥವಾ ನಿವ್ವಳ ಮೌಲ್ಯ 500 ಕೋಟಿ ದಾಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ನ್ನು ಖರ್ಚು ಮಾಡಬೇಕು. ನಂಜನಗೂಡು, ಹೆಬ್ಬಾಳು ಕೈಗಾರಿಕಾ ಪ್ರದೇಶದ ಕಂಪನಿಗಳಿಂದಲೂ ಹಣ ಬರುತ್ತದೆ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಹರಡಿದೆ. ನಿಯಮದಲ್ಲಿ ಶೇ. 5 ಆಡಳಿತ ಖರ್ಚು ಅಂತ ಇದೆ. ಅದು ಕಂಪನಿ ತನ್ನೊಳಗೆ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ ಹಾಕಿದ ಮಿತಿ. ಎನ್‌ಜಿಒದ ಆಡಳಿತ ಖರ್ಚಿಗೆ ಹಾಕಿದ್ದಲ್ಲ. 2021ರಲ್ಲಿ ಕಂಪನಿ ವ್ಯವಹಾರಗಳ ಮಂತ್ರಾಲಯವೇ ಇದನ್ನು ಬಿಡಿಸಿ ಹೇಳಿತು. ಆದರೂ ಕಂಪನಿಯವರು 'ನಿಮಗೆ ಶೇ. 5 ಮಾತ್ರ' ಅನ್ನುತ್ತಾರೆ, ನಮ್ಮವರು ತಲೆ ಅಲ್ಲಾಡಿಸಿ ಸಹಿ ಹಾಕುತ್ತಾರೆ. ಆಮೇಲೆ ಕೊರತೆ ತುಂಬುವುದು ಫೀಲ್ಡಿನವರ ಪಿಎಫ್ ಕತ್ತರಿಸಿ. 20 ಜನ ನೌಕರರಾದರೆ ಪಿಎಫ್ ಕಡ್ಡಾಯ. ಅದನ್ನು ತಪ್ಪಿಸಲು ಫೀಲ್ಡಿನವರನ್ನು ಕನ್ಸಲ್ಟೆಂಟ್ ಅಂತ ಕಾಗದದಲ್ಲಿ ತೋರಿಸಿ ಶೇ. 10 ಟಿಡಿಎಸ್ ಹಿಡಿದುಕೊಳ್ಳುವ ಸಂಸ್ಥೆಗಳನ್ನು ನಾನು ಕಂಡಿದ್ದೇನೆ. ಮನೆ ಮನೆಗೆ ನಡೆದು ಹೋಗುವ ಹೆಣ್ಣುಮಗಳು ಕನ್ಸಲ್ಟೆಂಟ್ ಹೇಗಾಗುತ್ತಾಳೆ? ಅಂಥ ಲೆಕ್ಕಕ್ಕೆ ಸಹಿ ಹಾಕುವುದಿಲ್ಲ ಅಂತ ನಾನು ಮೊದಲೇ ಹೇಳಿಬಿಡುತ್ತೇನೆ.

ಶ್ರೀರಂಗಪಟ್ಟಣ ಟ್ರಸ್ಟಿ

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ಕುರ್ಚಿಯಲ್ಲಿ ಕೂತವರ ಮಾತೂ ಒಂದಿರಲಿ. ನಾನು ಇಪ್ಪತ್ತು ವರ್ಷದ ಮೇಲೆ ಒಂದು ಚಿಕ್ಕ ಸಂಸ್ಥೆ ನಡೆಸುತ್ತಿದ್ದೇನೆ.

ಹಣ ಬರುವುದು ತಡವಾದಾಗ ಹೆಂಡತಿಯ ಒಡವೆ ಅಡ ಇಟ್ಟು ಸಂಬಳ ಕೊಟ್ಟಿದ್ದೇನೆ. ಕೋವಿಡ್ ಹೊತ್ತಿನಲ್ಲಿ ನಾನು ಸಂಬಳ ತೆಗೆದುಕೊಂಡಿಲ್ಲ. ನೋಟಿಸ್ ಬಂದರೆ ನನ್ನ ಹೆಸರಿಗೆ, ಕೇಸ್ ಆದರೆ ನನ್ನ ಮೇಲೆ. 12ಎ (ಸಂಸ್ಥೆಗೆ ತೆರಿಗೆ ವಿನಾಯಿತಿ) ನವೀಕರಣ, 80ಜಿ (ದಾನಿಗಳಿಗೆ ತೆರಿಗೆ ರಿಯಾಯಿತಿ) ನವೀಕರಣ, ಎನ್‌ಜಿಒಗಳ ನೋಂದಣಿಗೆ ಸರ್ಕಾರದ ದರ್ಪಣ್ ಪೋರ್ಟಲ್, ಸಿಎಸ್‌ಆರ್ ಹಣ ಪಡೆಯಲು ಸಿಎಸ್‌ಆರ್-1 ಫಾರ್ಮ್. ಹಳ್ಳಿಗೆ ಹೋಗಿ ಜನರ ಜೊತೆ ಕೂತು ಮಾತಾಡಿ ಎಷ್ಟು ಕಾಲವಾಯಿತೋ. ಆ ಕೆಲಸಕ್ಕಾಗಿಯೇ ಸಂಸ್ಥೆ ಕಟ್ಟಿದ್ದು ನಾನು.

ಮುಂದೆ ಯಾರು ಅಂತ ಹುಡುಕುತ್ತಲೇ ಇದ್ದೇನೆ. ನಮ್ಮ ಫೀಲ್ಡಿನ ಒಬ್ಬ ಹೆಣ್ಣುಮಗಳನ್ನು ಕೇಳಿದೆ. 'ಬೇಡ ಸಾರ್, ಇಷ್ಟೆಲ್ಲ ಹೊರೆ ನನ್ನ ತಲೆ ಮೇಲೆ ಬಂದರೆ ನನ್ನ ಹಿಂದೆ ಯಾರಿದ್ದಾರೆ' ಅಂದಳು. ಅವಳ ಮಾತು ನೂರಕ್ಕೆ ನೂರು ನಿಜ. ನನಗೆ ತೊಂದರೆಯಾದರೆ ವಕೀಲ ಗೆಳೆಯ ಇದ್ದಾನೆ, ಬ್ಯಾಂಕಿನಲ್ಲಿ ಪರಿಚಯ ಇದೆ, ಜಾತಿ ಬಂಧುಗಳೂ ಇದ್ದಾರೆ, ಅದನ್ನೂ ಒಪ್ಪಿಕೊಳ್ಳಬೇಕು. ಅವಳಿಗೆ ಇದ್ಯಾವುದೂ ಇಲ್ಲ. ಕುರ್ಚಿ ಮಾತ್ರ ಕೊಟ್ಟು ಬೆನ್ನಿಗೆ ಯಾರನ್ನೂ ಕೊಡದಿದ್ದರೆ ಅದು ಅವಳನ್ನು ಬಾವಿಗೆ ತಳ್ಳಿದ ಹಾಗೆ.

ಕೋಟೆ ಕೋಆರ್ಡಿನೇಟರ್

ಸಾರ್, ನಿಮ್ಮ ಮಾತು ಓದಿ ಗೌರವ ಹೆಚ್ಚಾಯಿತು. ಸ್ಥಾಪಕರನ್ನು ತೆಗಳಬೇಕು ಅಂತ ನಾನು ಬರೆದಿದ್ದಲ್ಲ. ನೀವು ಹೇಳಿದ 'ಬೆನ್ನಿಗೆ ಯಾರು' ಅನ್ನುವ ಪ್ರಶ್ನೆಯೇ ನನಗೂ ಮುಖ್ಯ. ಆದರೆ ಅದಕ್ಕೆ ಉತ್ತರ ನಮ್ಮ ಊರಲ್ಲೇ ಹಿಂದೆ ಸಿಕ್ಕಿದೆ.

ಹಳ್ಳಿಯ ಬಡ ಹೆಂಗಸರನ್ನು ಸಂಘಟಿಸಿ ಕಲಿಸುವ ಕೇಂದ್ರ ಸರ್ಕಾರದ ಮಹಿಳಾ ಸಮಖ್ಯಾ ಕಾರ್ಯಕ್ರಮ 1989ರಲ್ಲಿ ಕರ್ನಾಟಕದಲ್ಲಿ ಶುರುವಾದಾಗ ಮೊದಲ ಜಿಲ್ಲೆಗಳಲ್ಲಿ ಮೈಸೂರೂ ಒಂದು. ಶಾಲೆ ಮೆಟ್ಟಿಲು ಹತ್ತದ ಹೆಂಗಸರು ಸಂಘದ ನಡಾವಳಿ ನಡೆಸಿದರು, ಆಫೀಸರ್‌ಗಳ ಎದುರು ಕೂತು ಪ್ರಶ್ನೆ ಕೇಳಿದರು. ಅವರ ಪಕ್ಕದಲ್ಲಿ ಸಹಯೋಗಿನಿ ಅಂತ ಒಬ್ಬರು ಇರುತ್ತಿದ್ದರು. ಆಕೆಯೂ ಅದೇ ಕಡೆಯವಳು, ಹತ್ತಾರು ಹಳ್ಳಿ ನೋಡಿಕೊಳ್ಳುವವಳು. ಕೇಂದ್ರದ ಹಣ ನಿಂತ ಮೇಲೆ ಆ ಕಾರ್ಯಕ್ರಮ ಮುಗಿಯಿತು. ಆದರೆ ಅಲ್ಲಿ ತಯಾರಾದ ಹೆಂಗಸರು ಇವತ್ತಿಗೂ ನನಗೆ ಗ್ರಾಮ ಪಂಚಾಯಿತಿಗಳಲ್ಲಿ ಸಿಗುತ್ತಾರೆ.

ಇನ್ನೊಂದು ನಮ್ಮ ಮೈಸೂರಿನದೇ. ಆಶೋದಯ ಸಮಿತಿ. ಲೈಂಗಿಕ ಕಾರ್ಯಕರ್ತರೇ ಕಟ್ಟಿದ, ಅವರೇ ನಡೆಸುವ ಸಂಘ. ಎಚ್‌ಐವಿ ತಡೆಯುವ ಕೆಲಸವಾಗಿ 2004ರ ಸುಮಾರಿಗೆ ಶುರುವಾಯಿತು. ಹೆಂಗಸರು, ಗಂಡಸರು, ಟ್ರಾನ್ಸ್‌ಜೆಂಡರ್ ಸಮುದಾಯದವರು ಸಮಿತಿಯಲ್ಲಿದ್ದಾರೆ. ಮೊದಮೊದಲು ಡಾಕ್ಟರ್‌ಗಳು, ಸಂಶೋಧಕರು ಜೊತೆಗಿದ್ದು ತಾಂತ್ರಿಕ ಸಹಾಯ ಮಾಡಿದರು. ನಿರ್ಧಾರ ಸಮುದಾಯದ ಕೈಗೆ ಬಂತು. ಬೇರೆ ಊರು, ಬೇರೆ ದೇಶದಿಂದ ಜನ ಕಲಿಯೋಕೆ ಇಲ್ಲಿಗೆ ಬಂದಿದ್ದಾರೆ. ಸಮಾಜ ತೀರಾ ಕೆಳಗೆ ಇಟ್ಟ ಜನ ಸಂಸ್ಥೆ ನಡೆಸಬಲ್ಲರು ಅಂದ ಮೇಲೆ 'ನಮ್ಮ ಫೀಲ್ಡಿನವರಿಗೆ ಸಾಮರ್ಥ್ಯ ಇಲ್ಲ' ಅನ್ನುವ ಮಾತನ್ನು ನಾನು ಒಪ್ಪಲಾರೆ.

ಹಾಗಾಗಿ ನನ್ನ ಅನಿಸಿಕೆ ಇದು. ಮುಖ್ಯಸ್ಥರ ಕೆಲಸವನ್ನು ಒಡೆಯಬೇಕು. ಜನರ ಜೊತೆ ಕೂತು ಏನು ಮಾಡಬೇಕು ಅಂತ ತೀರ್ಮಾನ ಮಾಡುವುದು ಒಂದು ಕೆಲಸ. ಇಂಗ್ಲಿಷ್ ಪ್ರಪೋಸಲ್, ಪೋರ್ಟಲ್, ರಿಟರ್ನ್ಸ್ ಇನ್ನೊಂದು ಕೆಲಸ. ಎರಡನೆಯದನ್ನು ಸಂಬಳ ಕೊಟ್ಟು ಯಾರಿಂದಲಾದರೂ ಮಾಡಿಸಬಹುದು. ಮೊದಲನೆಯದನ್ನು ಹಾಗೆ ಮಾಡಿಸೋಕೆ ಆಗಲ್ಲ. ನಾವು ಮಾತ್ರ ಎರಡನೆಯದು ಬರುವವರನ್ನು ಹುಡುಕಿ ಮೊದಲನೆಯದನ್ನೂ ಅವರ ಕೈಗೇ ಕೊಡುತ್ತಿದ್ದೇವೆ.

ಹಾಡಿ ಹುಡುಗ

ಅಕ್ಕ, ನಾನು ಜೇನುಕುರುಬ ಸಮುದಾಯದವನು. ಡಿಗ್ರಿ ಮುಗಿಸಿ ಊರಲ್ಲೇ ಇದ್ದೇನೆ. ಕರ್ನಾಟಕದಲ್ಲಿ ಅತಿ ದುರ್ಬಲ ಬುಡಕಟ್ಟು ಅಂತ ಗುರುತಿಸಿರುವುದು ಎರಡನ್ನೇ, ನಾವು ಮತ್ತು ಕೊರಗರು. ನಮ್ಮ ಹೆಸರಲ್ಲಿ ಬರುವ ಪ್ರಾಜೆಕ್ಟ್‌ಗಳಿಗೆ ಕೊರತೆ ಇಲ್ಲ. ನಮ್ಮ ಅಜ್ಜಿಯ ಫೋಟೋ ಎಷ್ಟೋ ವರದಿಗಳಲ್ಲಿದೆ.

ಅರಣ್ಯ ಹಕ್ಕು ಕಾಯ್ದೆ 2006ರ ಪ್ರಕಾರ ಗ್ರಾಮ ಸಭೆ ಆರಿಸುವ ಅರಣ್ಯ ಹಕ್ಕು ಸಮಿತಿಯಲ್ಲಿ 10ರಿಂದ 15 ಜನ ಇರಬೇಕು, ಮೂರರಲ್ಲಿ ಒಂದು ಪಾಲಿಗೆ ಕಡಿಮೆ ಇಲ್ಲದಂತೆ ಹೆಂಗಸರು ಇರಬೇಕು. ನಮ್ಮ ಹಾಡಿ ಹೆಂಗಸರು ಅಲ್ಲಿ ಕೂತು ಗಡಿ ಗುರುತಿಸಿದ್ದಾರೆ, ಅರ್ಜಿ ತುಂಬಿಸಿದ್ದಾರೆ. ಸರ್ಕಾರದ ಸಮಿತಿಯಲ್ಲಿ ಕೂರಬಹುದಾದವರು ನಮಗಾಗಿ ಕೆಲಸ ಮಾಡುವ ಸಂಸ್ಥೆಯ ಸಮಿತಿಯಲ್ಲಿ ಯಾಕೆ ಕೂರಬಾರದು?

ಒಂದು ಕಡೆ ನಮ್ಮವರೊಬ್ಬರನ್ನು ಸಮಿತಿಗೆ ತೆಗೆದುಕೊಂಡರು. ಸಭೆ ಮೈಸೂರಿನಲ್ಲಿ, ಪೂರ್ತಿ ಇಂಗ್ಲಿಷಿನಲ್ಲಿ. ಅವರು ಬೆಳಗ್ಗೆ ಬಸ್ಸು ಹತ್ತಿ ಹೋಗಿ, ಆ ದಿನದ ಕೂಲಿ ಕಳೆದುಕೊಂಡು, ಸಹಿ ಹಾಕಿ ಬರುತ್ತಿದ್ದರು. ನಾಲ್ಕೈದು ಸಭೆ ಆದ ಮೇಲೆ ಹೋಗುವುದನ್ನೇ ಬಿಟ್ಟರು. 'ಆಸಕ್ತಿ ಇಲ್ಲ' ಅಂತ ನಡಾವಳಿ ಪುಸ್ತಕದಲ್ಲಿ ಬರೆದರಂತೆ. ನನಗೆ ಅದು ತುಂಬಾ ನೋವು ಕೊಟ್ಟಿತು.

ಗಂಗೋತ್ರಿ ಎಂಎಸ್‌ಡಬ್ಲ್ಯೂ

ಮಾನಸಗಂಗೋತ್ರಿಯಲ್ಲಿ ಸಮಾಜಕಾರ್ಯ ಓದುತ್ತಿದ್ದೇನೆ. ನಮ್ಮ ಬ್ಯಾಚಿನಲ್ಲಿ ಹಳ್ಳಿಯಿಂದ ಬಂದವರೇ ಜಾಸ್ತಿ. ಫೀಲ್ಡ್ ವರ್ಕ್‌ಗೆ ಹೋದ ಕಡೆ ಕೆಲಸ ಚೆನ್ನಾಗಿ ಮಾಡುತ್ತೇವೆ. ವರದಿ ಇಂಗ್ಲಿಷಿನಲ್ಲಿ ಕೇಳಿದ ಕೂಡಲೇ ಕೈ ನಿಲ್ಲುತ್ತದೆ. ಮಂಡ್ಯದ ಹಳ್ಳಿಯ ಕೆಲಸದ ವರದಿಯನ್ನು ಮಂಡ್ಯದ ಹುಡುಗಿ ಬರೆದು, ಮಂಡ್ಯದವರೇ ಆದ ಮ್ಯಾನೇಜರ್ ಓದುವಾಗ ಮಧ್ಯೆ ಇಂಗ್ಲಿಷ್ ಯಾಕೆ ಬೇಕು? ಡೋನರ್‌ಗೆ ಕಳಿಸುವಾಗ ಒಬ್ಬರು ಕೂತು ಅನುವಾದ ಮಾಡಲಿ. ಒಳಗಿನ ಮೀಟಿಂಗ್, ಮೇಲ್, ವರದಿ ಕನ್ನಡದಲ್ಲಿ ಇದ್ದರೆ ನಮ್ಮಲ್ಲಿ ಎಷ್ಟೋ ಜನ ಬಾಯಿ ಬಿಡುತ್ತಾರೆ.

ಇನ್ನೊಂದು ಮಾತು. ನನಗೆ ಕಾಲಿನ ತೊಂದರೆ ಇದೆ. ಫೀಲ್ಡ್ ವರ್ಕ್‌ಗೆ ಹೋದ ಒಂದು ಸಂಸ್ಥೆಯ ಆಫೀಸು ಎರಡನೇ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಅವರು ಕೆಲಸ ಮಾಡುತ್ತಿದ್ದದ್ದು ಅಂಗವಿಕಲರಿಗಾಗಿ.

ಮದ್ದೂರು ಫೀಲ್ಡ್

ತಂಗಿ, ಧೈರ್ಯವಾಗಿ ಬರೆದಿದ್ದೀಯ, ಒಳ್ಳೆಯದಾಗಲಿ.

ಯಾರೂ ಎತ್ತದ ಒಂದು ವಿಷಯ ಇದೆ. 10 ಜನ ಕೆಲಸ ಮಾಡುವ ಯಾವ ಜಾಗದಲ್ಲೂ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ಆಂತರಿಕ ಸಮಿತಿ ಇರಲೇಬೇಕು. ಎನ್‌ಜಿಒಗೂ ಅದು ಅನ್ವಯ. ಎಷ್ಟು ಕಡೆ ಇದೆ? ಬೇರೆ ಆಫೀಸುಗಳ ಸಮಿತಿಗೆ ಹೊರಗಿನ ಸದಸ್ಯರಾಗಿ ಹೋಗುವವರು ನಾವು, ನಮ್ಮಲ್ಲೇ ಸಮಿತಿ ಇಲ್ಲ. ಇದ್ದರೂ ಗೋಡೆ ಮೇಲೆ ಒಂದು ಹಾಳೆ. 10 ಜನಕ್ಕಿಂತ ಕಡಿಮೆ ಇದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು, ಇದು ನಮ್ಮ ಹುಡುಗಿಯರಿಗೆ ಗೊತ್ತಿಲ್ಲ. ಮೇಲಿನವರೆಲ್ಲ ಗಂಡಸರು, ಕೆಳಗಿನವರೆಲ್ಲ ಹೆಂಗಸರು ಇರುವ ಜಾಗದಲ್ಲಿ ಇದು ಎಷ್ಟು ದೊಡ್ಡ ವಿಷಯ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ಶ್ರೀರಂಗಪಟ್ಟಣ ಟ್ರಸ್ಟಿ

ನಮ್ಮಲ್ಲಿ 14 ಜನ ಇದ್ದೇವೆ. ಸಮಿತಿ ಇದೆ, ಆದರೆ ಅದರ ಹೊರಗಿನ ಸದಸ್ಯರು ಯಾರು ಅಂತ ನಮ್ಮ ಹೆಣ್ಣುಮಕ್ಕಳಿಗೆ ಗೊತ್ತಿರುವುದು ಅನುಮಾನ. ನಾಳೆಯೇ ಹೆಸರು, ಫೋನ್ ನಂಬರ್ ಎಲ್ಲರ ಕೈಗೆ ಕೊಡಿಸುತ್ತೇನೆ. ಕನ್ನಡದಲ್ಲಿ ಸಭೆ, ದೂರದಿಂದ ಬರುವ ಸದಸ್ಯರಿಗೆ ಬಸ್ ಖರ್ಚು ಮತ್ತು ಆ ದಿನದ ಕೂಲಿ, ಈ ಎರಡನ್ನು ಮುಂದಿನ ಸಭೆಯಲ್ಲಿ ಠರಾವು ಮಾಡಿಸುತ್ತೇನೆ. ಇದಕ್ಕೆ ಡೋನರ್ ಒಪ್ಪಿಗೆ ಬೇಕಾಗಿಲ್ಲ.

ಲೆಕ್ಕದ ಸಾರ್, ಕಂಪನಿಯವರು ಶೇ. 5 ಅಂದರೆ ನಾವು ಏನು ತೋರಿಸಬೇಕು?

ಲೆಕ್ಕದ ಮನುಷ್ಯ

ಮಂತ್ರಾಲಯ 2021ರ ಆಗಸ್ಟ್‌ನಲ್ಲಿ ಹೊರಡಿಸಿದ ಸಿಎಸ್‌ಆರ್ ಪ್ರಶ್ನೋತ್ತರದ ಸುತ್ತೋಲೆ ಇದೆ. ಅದನ್ನು ಪ್ರಪೋಸಲ್ ಜೊತೆಗೇ ಲಗತ್ತಿಸಿ. ಬಜೆಟ್ ಬರೆಯುವಾಗ ಕೋಆರ್ಡಿನೇಟರ್ ಸಂಬಳ, ಪಿಎಫ್, ಇನ್ಶೂರೆನ್ಸ್, ಪೆಟ್ರೋಲ್ ಎಲ್ಲವನ್ನೂ ಪ್ರಾಜೆಕ್ಟ್ ಖರ್ಚಿನ ಸಾಲಿನಲ್ಲೇ ತೋರಿಸಿ. ಅದು ನಿಜವಾಗಿಯೂ ಪ್ರಾಜೆಕ್ಟ್ ಖರ್ಚೇ. ಒಪ್ಪಂದವನ್ನು 12 ತಿಂಗಳಿಗೆ ಬದಲು 36 ತಿಂಗಳಿಗೆ ಕೇಳಿ. ಮೂರು ವರ್ಷದವರೆಗೆ ನಡೆಯುವ ಪ್ರಾಜೆಕ್ಟ್‌ಗೆ ಸಿಎಸ್‌ಆರ್ ನಿಯಮದಲ್ಲೇ ಅವಕಾಶ ಇದೆ, ಶುರುವಾದ ವರ್ಷವನ್ನು ಅದರಲ್ಲಿ ಸೇರಿಸುವುದಿಲ್ಲ. ಮಾರ್ಚ್‌ನಿಂದ ಜುಲೈವರೆಗಿನ ಖಾಲಿ ತಿಂಗಳ ಕಷ್ಟ ಇದರಿಂದ ಎಷ್ಟೋ ಕಡಿಮೆಯಾಗುತ್ತದೆ.

ಮಳವಳ್ಳಿ ಸಂಘ

ನಾವು ಮಳವಳ್ಳಿ ಕಡೆಯ ಒಂಬತ್ತು ಜನ ಹೆಂಗಸರು. ಎಲ್ಲರೂ ಬೇರೆ ಬೇರೆ ಪ್ರಾಜೆಕ್ಟ್‌ಗಳಲ್ಲಿ ಫೀಲ್ಡ್ ಕೆಲಸ ಮಾಡಿದವರು. ನಮ್ಮದೇ ಒಂದು ಸಂಸ್ಥೆ ಮಾಡಬೇಕು ಅಂತಿದ್ದೇವೆ. ಟ್ರಸ್ಟ್ ಮಾಡಿ, ಸುಲಭ ಅಂತ ಎಲ್ಲರೂ ಹೇಳುತ್ತಿದ್ದಾರೆ. ಖಜಾಂಚಿ ಸಾರ್ ಬರೆದಿದ್ದು ಓದಿದ ಮೇಲೆ ಯೋಚನೆ ಆಗಿದೆ. ನಾವೇನು ಮಾಡಬೇಕು ಸಾರ್?

ಹಳೇ ಖಜಾಂಚಿ, ಸರಸ್ವತಿಪುರಂ

ತಾಯಿ, ಟ್ರಸ್ಟ್ ಸುಲಭ ನಿಜ. ಆದರೆ ನೀವು ಒಂಬತ್ತು ಜನ ಸಮಾನರಾಗಿ ನಡೆಸಬೇಕು ಅಂತಿದ್ದರೆ ಸಂಘವೇ ಸರಿ. 7 ಜನ ಸಾಕು, ನೀವು ಒಂಬತ್ತು ಇದ್ದೀರಿ. ಬೈಲಾವನ್ನು ಬೇರೆ ಯಾರದನ್ನೋ ನೋಡಿ ಹಾಗೇ ಇಳಿಸಬೇಡಿ. ಅಧ್ಯಕ್ಷೆ, ಕಾರ್ಯದರ್ಶಿ ಹುದ್ದೆಗೆ ಎಷ್ಟು ವರ್ಷ, ಒಬ್ಬರು ಎಷ್ಟು ಸಲ ಇರಬಹುದು ಅಂತ ಅದರಲ್ಲೇ ಬರೆಯಿರಿ. ಪದಾಧಿಕಾರಿ ಪೂರ್ಣಾವಧಿ ಕೆಲಸ ಮಾಡಿದರೆ ತಕ್ಕ ಸಂಬಳ ಪಡೆಯಬಹುದು ಅಂತಲೂ ಸೇರಿಸಿ. ಒಂದೇ ಮನೆಯ ಇಬ್ಬರು ಸಮಿತಿಯಲ್ಲಿ ಇರಬಾರದು ಅಂತ ಹಾಕಿಕೊಂಡರೆ ಮುಂದೆ ನೆಮ್ಮದಿ. ಬ್ಯಾಂಕ್ ಖಾತೆಗೆ ಇಬ್ಬರ ಜಂಟಿ ಸಹಿ ಇರಲಿ.

ಸಿಎಸ್‌ಆರ್ ಹಣ ತಕ್ಷಣ ಸಿಗುವುದಿಲ್ಲ, ಕನಿಷ್ಠ ಮೂರು ವರ್ಷ ಕೆಲಸ ಮಾಡಿದ ದಾಖಲೆ ಕೇಳುತ್ತಾರೆ. ಅದಕ್ಕೇ ಮೊದಲ ದಿನದಿಂದ ಲೆಕ್ಕ, ನಡಾವಳಿ ಸರಿಯಾಗಿ ಇಡಿ. ಕರಡು ಬೈಲಾವನ್ನು ಕನ್ನಡದಲ್ಲೇ ಬರೆದು ಇಲ್ಲಿ ಹಾಕಿ. ನಾನೂ ಲೆಕ್ಕದವರೂ ಕೂತು ನೋಡುತ್ತೇವೆ. ಫೀಸು ಬೇಡ.

ಲೆಕ್ಕದ ಮನುಷ್ಯ

ಖಂಡಿತ ನೋಡುತ್ತೇನೆ. ಮೊದಲ ವರ್ಷದ ಆಡಿಟ್ ನನ್ನ ಕಡೆಯಿಂದ ಉಚಿತ. ಪ್ಯಾನ್ ಅರ್ಜಿ, ಆಮೇಲೆ 12ಎಗೆ ತಾತ್ಕಾಲಿಕ ನೋಂದಣಿ, ಈ ಕ್ರಮದಲ್ಲಿ ಹೋಗೋಣ. ಒಂಬತ್ತು ಜನರ ಆಧಾರ್‌ನಲ್ಲೂ ಪ್ಯಾನ್‌ನಲ್ಲೂ ಹೆಸರು ಒಂದೇ ಥರ ಇದೆಯಾ ಅಂತ ಈಗಲೇ ನೋಡಿಕೊಳ್ಳಿ.

ಮಳವಳ್ಳಿ ಸಂಘ

ಇಬ್ಬರದ್ದು ಬೇರೆ ಬೇರೆ ಇದೆ ಸಾರ್. ಸೋಮವಾರ ಸರಿಪಡಿಸಲು ಹೋಗುತ್ತಾರೆ. ಕರಡು ಬೈಲಾ ಈ ತಿಂಗಳೊಳಗೆ ಹಾಕುತ್ತೇವೆ.